ಆಟದ ಸ್ವಭಾವ ಎಂಬ ನೆಪ

ಫುಟ್‌ಬಾಲ್ ವಿಶ್ವಕಪ್ ಬಂತೆಂದರೆ ಗಂಡಸರಲ್ಲಿ ಒಂದು ವಾಗ್ವಾದ ತಪ್ಪದೆ ಶುರುವಾಗುತ್ತದೆ. ಅಮೆರಿಕದವರು ಕೈಯಲ್ಲಿ ಚೆಂಡು ಹಿಡಿದು ಓಡುತ್ತಾರೆ, ಅದಕ್ಕೆ ಕಾಲಿನ ಹೆಸರೇಕೆ ಎಂದು ಒಬ್ಬರು. ರಗ್ಬಿಯೇ ಗಂಡೆದೆಯ ಆಟ, ಉಳಿದದ್ದೆಲ್ಲ ನಾಟಕ ಎಂದು ಇನ್ನೊಬ್ಬರು. ಮಗ ಮೆಲ್ಬರ್ನಿನಲ್ಲಿರುವ ಮೂರನೆಯವರು ಆಸ್ಟ್ರೇಲಿಯಾದ ಕಾಲ್ಚೆಂಡಿನ ಮುಂದೆ ಎರಡೂ ಏನಲ್ಲ ಎನ್ನುತ್ತಾರೆ. ಜಗಳ ಮುಗಿಯುವುದರೊಳಗೆ ನಾವು ಎರಡು ಸುತ್ತು ಕಾಫಿ ಕೊಟ್ಟಿರುತ್ತೇವೆ.

ಇದೇ ಮಹಾಶಯರ ಮುಂದೆ, ನಮ್ಮ ಊರಿನ ಹುಡುಗಿಯರೂ ಫುಟ್‌ಬಾಲ್ ಆಡಲಿ ಎಂದು ಹೇಳಿ ನೋಡಿ. ಅದುವರೆಗೆ ಮೂರು ಪಕ್ಷವಾಗಿದ್ದವರು ತಟಕ್ಕನೆ ಒಂದಾಗುತ್ತಾರೆ. "ಆಡಬಾರದು ಅಂತಲ್ಲ ಮೇಡಂ, ಆ ಆಟದ ಸ್ವಭಾವವೇ ಹೆಣ್ಣುಮಕ್ಕಳಿಗೆ ಹೊಂದುವುದಿಲ್ಲ. ಹೇಗೂ ಥ್ರೋಬಾಲ್ ಇದೆಯಲ್ಲ!" ನನ್ನ ತಕರಾರು ಇರುವುದು ಈ 'ಸ್ವಭಾವ' ಎಂಬ ಮಾತಿನ ಮೇಲೆ. ಬೇವಿಗೆ ಕಹಿ ಸ್ವಭಾವ, ಬೆಂಕಿಗೆ ಸುಡುವ ಸ್ವಭಾವ, ಒಪ್ಪೋಣ. ಫುಟ್‌ಬಾಲಿಗೆ ಎಲ್ಲಿಂದ ಬಂತು ಸ್ವಭಾವ?

ಅದು ಹುಟ್ಟಿದ ಬಗೆಯನ್ನೇ ನೋಡಿ. 1863ರ ಅಕ್ಟೋಬರ್‌ನಲ್ಲಿ ಲಂಡನ್ನಿನ ಒಂದು ಹೋಟೆಲಿನಲ್ಲಿ ಹಲವು ಕ್ಲಬ್ಬುಗಳ ಗಂಡಸರು ಸೇರಿ ಫುಟ್‌ಬಾಲ್ ಅಸೋಸಿಯೇಷನ್ ಕಟ್ಟಿದರು. ಚೆಂಡನ್ನು ಕೈಯಲ್ಲಿ ಹಿಡಿದು ಓಡಬಹುದೇ, ಎದುರಾಳಿಯ ಕಣಕಾಲಿಗೆ ಬೂಟಿನಿಂದ ಒದೆಯಬಹುದೇ ಎಂಬುದು ಅವರ ಚರ್ಚೆ. ಒದೆಯುವುದನ್ನು ನಿಷೇಧಿಸಿದರೆ ಆಟದ ಧೈರ್ಯವೇ ಹೋಯಿತು, ಒಂದು ವಾರ ಅಭ್ಯಾಸ ಮಾಡಿದ ಫ್ರೆಂಚರನ್ನು ಕರೆತಂದು ನಿಮ್ಮನ್ನು ಸೋಲಿಸಬಹುದು ಎಂದು ಬ್ಲ್ಯಾಕ್‌ಹೀತ್ ಕ್ಲಬ್ಬಿನ ಪ್ರತಿನಿಧಿ ವಾದಿಸಿದ. ಮಾತು ನಡೆಯದಿದ್ದಾಗ ಆ ಕ್ಲಬ್ಬು ಹೊರನಡೆಯಿತು. ಆ ಪಂಗಡದವರು 1871ರಲ್ಲಿ ರಗ್ಬಿ ಯೂನಿಯನ್ ಸ್ಥಾಪಿಸಿದಾಗ ಏನು ಮಾಡಿದರು ಗೊತ್ತೇ? ಕಣಕಾಲಿಗೆ ಒದೆಯುವುದನ್ನು ತಾವೇ ನಿಷೇಧಿಸಿದರು. ಪ್ರಾಣಕ್ಕಿಂತ ಹೆಚ್ಚು ಎಂದು ಹಿಡಿದುಕೊಂಡಿದ್ದ 'ಸ್ವಭಾವ' ಎಂಟು ವರ್ಷವೂ ಬಾಳಲಿಲ್ಲ.

ಇದಕ್ಕೂ ಮೊದಲೇ, 1859ರಲ್ಲಿ, ಮೆಲ್ಬರ್ನಿನವರು ತಮ್ಮದೇ ನಿಯಮ ಬರೆದುಕೊಂಡಿದ್ದರು. ಅವರ ಆಟ ಇಂದಿಗೂ ಕ್ರಿಕೆಟ್ಟಿನ ಉರುಟು ಮೈದಾನದಲ್ಲಿ, ಪಕ್ಷಕ್ಕೆ 18 ಜನ. ಒದ್ದ ಚೆಂಡನ್ನು ಗಾಳಿಯಲ್ಲೇ ಹಿಡಿದವನಿಗೆ ಯಾರೂ ಅಡ್ಡ ಬರದಂತೆ ಒದೆಯುವ ಹಕ್ಕು. ಐರ್ಲೆಂಡಿನವರು 1884ರಲ್ಲಿ ತರ್ಲ್ಸ್ ಎಂಬ ಊರಿನಲ್ಲಿ ಸಂಘ ಕಟ್ಟಿ ಗೇಲಿಕ್ ಫುಟ್‌ಬಾಲ್ ಬೆಳೆಸಿದರು. ಚೆಂಡು ಗುಂಡಗೆ, ಕೈಯಲ್ಲಿ ಹಿಡಿಯಬಹುದು, ಆದರೆ ನಾಲ್ಕು ಹೆಜ್ಜೆಗೊಮ್ಮೆ ನೆಲಕ್ಕೆ ಪುಟಿಸಬೇಕು ಇಲ್ಲವೇ ಕಾಲ್ಬೆರಳಿನಿಂದ ಚಿಮ್ಮಿಸಿ ಮತ್ತೆ ಕೈಗೆ ತೆಗೆದುಕೊಳ್ಳಬೇಕು. ರಗ್ಬಿಯಲ್ಲಿ ಚೆಂಡನ್ನು ಕೈಯಿಂದ ಮುಂದಕ್ಕೆ ಎಸೆದರೆ ತಪ್ಪು. ಅಮೆರಿಕದಲ್ಲಿ ಮುಂದಕ್ಕೆ ಎಸೆಯುವುದೇ ಆಟದ ಸೊಗಸು. ಒಂದು ಕಡೆ ಹನ್ನೊಂದು ಜನ, ಇನ್ನೊಂದು ಕಡೆ ಹದಿನೈದು, ಮತ್ತೊಂದು ಕಡೆ ಹದಿಮೂರು. ಸಾರಿಗೆ ಹುಣಿಸೆಯೋ ಟೊಮೆಟೋವೋ ಎಂದು ಅತ್ತೆ ಸೊಸೆಯರು ಕಿತ್ತಾಡಿದ ಹಾಗೆ ಗಂಡಸರು ಕೂತು ಕೂತು ಮಾಡಿದ ತೀರ್ಮಾನಗಳಿವು. ಸಮಿತಿ ಬರೆದದ್ದು, ಸಮಿತಿ ತಿದ್ದಿದ್ದು.

ತಿದ್ದುವ ಧಾರಾಳ ಎಷ್ಟಿತ್ತೆಂದರೆ, 1905ರ ಒಂದೇ ಋತುವಿನಲ್ಲಿ ಅಮೆರಿಕದಲ್ಲಿ ಈ ಆಟದಿಂದ ಹದಿನೆಂಟು ಹತ್ತೊಂಬತ್ತು ಹುಡುಗರು ಸತ್ತರೆಂದು ಪತ್ರಿಕೆಗಳು ಲೆಕ್ಕ ಕೊಟ್ಟವು. ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಕಾಲೇಜುಗಳವರನ್ನು ಕರೆಸಿ ಮಾತಾಡಿದರು. ಕೆಲವು ಕಾಲೇಜುಗಳು ಆಟ ಬಿಟ್ಟವು ನಿಜ. ಆದರೆ ಗಂಡಸಿನ ದೇಹ ಫುಟ್‌ಬಾಲಿಗೆ ಹೊಂದುವುದಿಲ್ಲ ಎಂದು ಯಾರೂ ಷರಾ ಬರೆಯಲಿಲ್ಲ. 1906ರಲ್ಲಿ ನಿಯಮ ಬದಲಾಯಿತು. ಮುಂದಕ್ಕೆ ಎಸೆಯುವ ಪಾಸು ಬಂದದ್ದೇ ಆಗ. ಗಂಡುಹುಡುಗರು ಸತ್ತಾಗ ಆಟವನ್ನು ರಿಪೇರಿ ಮಾಡಿದರು.

ಈಗ ಹೆಂಗಸರ ಕಥೆ ಕೇಳಿ. 1895ರ ಮಾರ್ಚಿನಲ್ಲಿ ಲಂಡನ್ನಿನ ಕ್ರೌಚ್ ಎಂಡ್‌ನಲ್ಲಿ ಬ್ರಿಟಿಷ್ ಲೇಡೀಸ್ ಫುಟ್‌ಬಾಲ್ ಕ್ಲಬ್ಬಿನ ಹೆಂಗಸರು ಆಡಿದಾಗ ಸಾವಿರಾರು ಜನ ನೆರೆದಿದ್ದರು. ಪತ್ರಿಕೆಗಳು ಆಟಕ್ಕಿಂತ ಹೆಚ್ಚಾಗಿ ಅವರು ತೊಟ್ಟ ಬಟ್ಟೆಯ ಬಗ್ಗೆ ಬರೆದವು. (ಅದೇ ವರ್ಷ ಆಗಸ್ಟಿನಲ್ಲಿ, ಕೂಲಿ ಬಿಟ್ಟು ಆಡಲು ಬರುವವರಿಗೆ ಆ ಕೂಲಿ ತುಂಬಿಕೊಡಬೇಕೋ ಬೇಡವೋ ಎಂಬ ಜಗಳದಲ್ಲಿ ರಗ್ಬಿಯೇ ಇಬ್ಭಾಗವಾಯಿತು, ಹದಿಮೂರು ಜನರ ಆಟ ಬೆಳೆದದ್ದು ಆ ಒಡಕಿನಿಂದ.) ಮೊದಲ ಮಹಾಯುದ್ಧದಲ್ಲಿ ಗಂಡಸರು ರಣರಂಗಕ್ಕೆ ಹೋದರು, ಹೆಂಗಸರು ಮದ್ದುಗುಂಡಿನ ಕಾರ್ಖಾನೆಗೆ ಬಂದರು. ಪ್ರೆಸ್ಟನ್ ಊರಿನ ಡಿಕ್, ಕೆರ್ ಕಾರ್ಖಾನೆಯ ಹುಡುಗಿಯರ ತಂಡ ಗಾಯಾಳು ಸೈನಿಕರಿಗಾಗಿ ಹಣ ಕೂಡಿಸಲು ಆಡತೊಡಗಿತು. 1920ರ ಡಿಸೆಂಬರ್ 26ರಂದು ಲಿವರ್‌ಪೂಲಿನ ಗುಡಿಸನ್ ಪಾರ್ಕಿನಲ್ಲಿ ಅವರ ಆಟ ನೋಡಲು ಬಂದವರು 53,000 ಮಂದಿ.

ಒಂದು ವರ್ಷ ತುಂಬುವ ಮೊದಲೇ, 1921ರ ಡಿಸೆಂಬರ್ 5ರಂದು, 1863ರಲ್ಲಿ ಹುಟ್ಟಿದ ಆ ಅಸೋಸಿಯೇಷನ್ನೇ ಠರಾವು ಮಾಡಿತು: ಫುಟ್‌ಬಾಲ್ ಹೆಂಗಸರಿಗೆ ತಕ್ಕುದಲ್ಲ, ಅದನ್ನು ಪ್ರೋತ್ಸಾಹಿಸಬಾರದು, ತನ್ನ ಕ್ಲಬ್ಬುಗಳು ಅವರಿಗೆ ಮೈದಾನ ಕೊಡಬಾರದು. ಕೂಡಿಸಿದ ಹಣದಲ್ಲಿ ಖರ್ಚಿಗೇ ಹೆಚ್ಚು ಹೋಗುತ್ತಿದೆ ಎಂಬ ಆಕ್ಷೇಪವೂ ಅದರಲ್ಲಿತ್ತು. ಹೆಂಗಸರ ಆಟದಲ್ಲಿ ಯಾರೂ ಸತ್ತಿರಲಿಲ್ಲ, ನೆನಪಿರಲಿ. ನಿಯಮ ತಿದ್ದೋಣ ಎಂದು ಯಾರೂ ಹೇಳಲಿಲ್ಲ. 1922ರಲ್ಲಿ ಆ ಹುಡುಗಿಯರು ಅಟ್ಲಾಂಟಿಕ್ ದಾಟಿ ಹೋದರೆ ಕೆನಡಾದವರು ಆಡಲು ಬಿಡಲಿಲ್ಲ. ಅಮೆರಿಕದಲ್ಲಿ ಗಂಡಸರ ತಂಡಗಳ ಎದುರು ಆಡಿ ಬಂದರು. ಇಂಗ್ಲೆಂಡಿನ ಆ ನಿಷೇಧ ತೆರವಾಗಲು 1971 ಬರಬೇಕಾಯಿತು. ಅದೇ 1971ರಲ್ಲಿ ಐರ್ಲೆಂಡಿನ ಗೇಲಿಕ್ ಸಂಘವೂ ಒಂದು ಹಳೆಯ ನಿಷೇಧ ಕೈಬಿಟ್ಟಿತು, ತನ್ನ ಸದಸ್ಯರು ಸಾಕರ್, ರಗ್ಬಿಯಂಥ 'ಪರಕೀಯ' ಆಟಗಳನ್ನು ಆಡಬಾರದು, ನೋಡಲೂ ಬಾರದು ಎಂಬುದನ್ನು. ಇಂಗ್ಲಿಷರಿಗೆ ಹೆಣ್ಣು ಹೇಗೋ ಐರಿಷರಿಗೆ ಇಂಗ್ಲಿಷರು ಹಾಗೆ, ಅಷ್ಟೇ ವ್ಯತ್ಯಾಸ.

ಬ್ರೆಜಿಲ್ ಇನ್ನೂ ಪ್ರಾಮಾಣಿಕ. 1941ರ ಸರ್ಕಾರಿ ಆಜ್ಞೆ, ಹೆಂಗಸರ ಪ್ರಕೃತಿಗೆ ಹೊಂದದ ಆಟಗಳನ್ನು ಅವರು ಆಡಕೂಡದು ಎಂದು ನೇರವಾಗಿ ಹೇಳಿತು. 1979ರವರೆಗೂ ಹಾಗೇ. ಪೆಲೆ ಮೂರು ವಿಶ್ವಕಪ್ ಗೆದ್ದದ್ದು ಈ ಅವಧಿಯಲ್ಲೇ. ಪಶ್ಚಿಮ ಜರ್ಮನಿ 1954ರಲ್ಲಿ ವಿಶ್ವಕಪ್ ಗೆದ್ದ ಮರುವರ್ಷ ಹೆಂಗಸರಿಗೆ ಬಾಗಿಲು ಹಾಕಿತು, 1970ರಲ್ಲಿ ತೆರೆಯಿತು. ಆಮೇಲೆ 1989ರಲ್ಲಿ ಅವರ ಹೆಂಗಸರ ತಂಡ ಯುರೋಪಿನ ಚಾಂಪಿಯನ್ ಆದಾಗ ಫುಟ್‌ಬಾಲ್ ಸಂಘ ಕೊಟ್ಟ ಬಹುಮಾನವೇನು? ಆಟಗಾರ್ತಿಯರಿಗೆ ಒಂದೊಂದು ಪಿಂಗಾಣಿಯ ಕಾಫಿ ಸೆಟ್ಟು! ಕಪ್ಪು ಗೆದ್ದವರಿಗೆ ಕಪ್ಪು ಬಸಿ. ನಮ್ಮ ಶಾಲೆಗಳಲ್ಲಿ ಗೆದ್ದ ಹುಡುಗಿಗೆ ಸ್ಟೀಲ್ ಡಬ್ಬಿ ಕೊಡುವವರು ತಾವೊಬ್ಬರೇ ಎಂದು ನಾಚಿಕೊಳ್ಳಬೇಕಾಗಿಲ್ಲ.

ಉಳಿದ ಕಾಲ್ಚೆಂಡುಗಳೂ ಸಾಚಾ ಅಲ್ಲ. 1991ರಲ್ಲಿ ಮಹಿಳೆಯರು ವೇಲ್ಸ್‌ನಲ್ಲಿ ಮೊದಲ ರಗ್ಬಿ ವಿಶ್ವಕಪ್ ನಡೆಸಿದಾಗ ಅಂತರರಾಷ್ಟ್ರೀಯ ಮಂಡಳಿಯ ಒಪ್ಪಿಗೆ ಅದಕ್ಕಿರಲಿಲ್ಲ. ಐರ್ಲೆಂಡಿನ ಹೆಂಗಸರು 1974ರಲ್ಲಿ ತಾವೇ ಸಂಘ ಕಟ್ಟಿಕೊಂಡರು. ಅವರ ಗೇಲಿಕ್ ಆಟದಲ್ಲಿ ಚೆಂಡು ಕೊಂಚ ಚಿಕ್ಕದು. ಬಿದ್ದ ಚೆಂಡನ್ನು ನೆಲದಿಂದ ನೇರವಾಗಿ ಕೈಗೆತ್ತಿಕೊಳ್ಳಬಹುದು, ಗಂಡಸರಂತೆ ಮೊದಲು ಕಾಲ್ಬೆರಳಿನಿಂದ ಎತ್ತಬೇಕಿಲ್ಲ. ಇದು ಅಸಲಿ ಆಟವಲ್ಲ ಎಂದು ಮೂಗು ಮುರಿಯುವವರಿದ್ದಾರೆ. 2019ರಲ್ಲಿ ಡಬ್ಲಿನ್ನಿನ ಕ್ರೋಕ್ ಪಾರ್ಕಿನಲ್ಲಿ ಅದರ ಫೈನಲ್ ನೋಡಲು 56,114 ಜನ ಬಂದರು. ಆಸ್ಟ್ರೇಲಿಯಾದಲ್ಲಿ 2017ರಲ್ಲಿ ಹೆಂಗಸರ ಲೀಗ್ ಶುರುವಾದಾಗ ಹದಿನೆಂಟರ ಬದಲು ಹದಿನಾರು ಜನ ಸಾಕು ಎಂದರು. ನನಗೆ ಇದರಲ್ಲಿ ಅವಮಾನವೇನೂ ಕಾಣುವುದಿಲ್ಲ. ಗಂಡಸರು ನೂರೈವತ್ತು ವರ್ಷ ತಮಗೆ ಬೇಕಾದಂತೆ ತಿದ್ದಿಕೊಂಡದ್ದನ್ನು ಹೆಂಗಸರು ತಿದ್ದಿಕೊಂಡರೆ ಮಾತ್ರ ಅಸಲಿತನ ಕೆಟ್ಟುಹೋಗುತ್ತದೆಯೇ?

ನಮ್ಮ ದೇಶದಲ್ಲಿ ಶಾಲೆಗಳಿಗೆಂದು ಸುಬ್ರತೋ ಕಪ್ ಪಂದ್ಯಾವಳಿ ಶುರುವಾದದ್ದು 1960ರಲ್ಲಿ. ಅದರಲ್ಲಿ ಹುಡುಗಿಯರ ವಿಭಾಗ ಬಂದದ್ದು 2012ರಲ್ಲಿ. ಅರ್ಧ ಶತಮಾನ! ಭಾರತದ ಮಹಿಳೆಯರು 1980ರ ಸುಮಾರಿಗೆ ಕಲ್ಲಿಕೋಟೆಯಲ್ಲಿ ನಡೆದ ಏಷ್ಯಾ ಪಂದ್ಯಾವಳಿಯ ಫೈನಲ್ ತಲುಪಿದ್ದರು ಎಂಬುದು ಎಷ್ಟು ಮಂದಿ ವ್ಯಾಯಾಮ ಶಿಕ್ಷಕರಿಗೆ ಗೊತ್ತು? ಥ್ರೋಬಾಲಿನ ಮೇಲೆ ನನಗೆ ದ್ವೇಷವಿಲ್ಲ. ಆದರೆ ಅದನ್ನು ಆರಿಸಿಕೊಳ್ಳುವುದಕ್ಕೂ ಅದೊಂದನ್ನೇ ಕೈಗೆ ಕೊಡುವುದಕ್ಕೂ ಅಂತರವಿದೆ.

ಕೊನೆಗೆ ಉಳಿಯುವುದು ಬಟ್ಟೆಯ ಮಾತು. ಚಡ್ಡಿ ಹಾಕಿ ಓಡಬೇಕಲ್ಲ, ಮದುವೆಗೆ ಬಂದ ಹುಡುಗಿ, ಎಂದು ತಾಯಂದಿರೇ ನನ್ನ ಬಳಿ ಪಿಸುಗುಟ್ಟುತ್ತಾರೆ. 1895ರಲ್ಲಿ ಲಂಡನ್ನಿನವರಿಗೆ ಬಟ್ಟೆ ಕಡಿಮೆಯಾಗಿ ಕಂಡಿತ್ತು. 2011ರಲ್ಲಿ ಇರಾನಿನ ಹೆಂಗಸರು ತಲೆ ಮುಚ್ಚಿಕೊಂಡು ಜೋರ್ಡಾನಿನ ಮೈದಾನಕ್ಕೆ ಇಳಿದಾಗ ಬಟ್ಟೆ ಹೆಚ್ಚಾಯಿತೆಂದು ಒಲಿಂಪಿಕ್ ಅರ್ಹತಾ ಪಂದ್ಯವನ್ನೇ ಆಡಗೊಡಲಿಲ್ಲ. ಮೂರು ವರ್ಷ ಕಳೆದು, 2014ರಲ್ಲಿ, ಆ ನಿಯಮವನ್ನೂ ತಿದ್ದಿದರು. ಚಡ್ಡಿಯ ಒಳಗೆ ಅದೇ ಬಣ್ಣದ ಉದ್ದನೆಯ ಟೈಟ್ಸ್ ಹಾಕಿಕೊಳ್ಳಲು ಇಂದಿನ ಫುಟ್‌ಬಾಲ್ ನಿಯಮಾವಳಿಯಲ್ಲೇ ಅವಕಾಶವಿದೆ, ನಾಲ್ಕನೆಯ ನಿಯಮ. ಮಗಳ ಶಾಲೆಯಲ್ಲಿ ಬಟ್ಟೆಯ ನೆಪ ಹೇಳಿದರೆ ಅದನ್ನು ತೋರಿಸಿ. ಶಾಲೆಯವರು ಬೇರೆ ನೆಪ ಹುಡುಕುವಷ್ಟರಲ್ಲಿ ಹುಡುಗಿಯರು ಮೈದಾನಕ್ಕೆ ಇಳಿದಿರಲಿ.