ಫುಲ್ ಫ್ರೇಮೋ, ಕ್ರಾಪೋ? ಮೊದಲು ಎತ್ತ ಹೊಂಟೀರಿ ಹೇಳ್ರಿ

ಇವತ್ತು ಬೆಳೆ ಬಗ್ಗೆ ಅಲ್ಲ, ಕ್ಯಾಮೆರಾ ಬಗ್ಗೆ ಬರಿಯಾಕತ್ತೀನಿ. ನಮ್ಮ ಅಕ್ಕನ ಮಗ ಹಕ್ಕಿ ಫೋಟೋದ ಹುಚ್ಚಿಗೆ ಬಿದ್ದಾನ. ಕಡ್ಲಿ ಮಾರಿದ ರೊಕ್ಕಕ್ಕ ಸೊಸೈಟಿಯ ಬೆಳೆ ಸಾಲ ಸೇರಿಸಿ ಫುಲ್ ಫ್ರೇಮ್ ಕ್ಯಾಮೆರಾ ತೊಗೊಳ್ತಾನಂತ. “ಮಾಮಾ, ನೀವ ಹೇಳ್ರಿ” ಅಂದ. ಬ್ಯಾಡ ಅಂದೆ. ಯಾಕ ಅನ್ನೋದನ್ನ ಇಲ್ಲಿ ಬರೀತೀನಿ.

ಫುಲ್ ಫ್ರೇಮ್ ಅಂದ್ರ ಹಳೇ ರೀಲಿನ ಅಳತಿ: 36 ಮಿ.ಮೀ. ಅಗಲ, 24 ಮಿ.ಮೀ. ಎತ್ತರ. ನಿಕಾನ್ ಕ್ರಾಪ್ ಸೆನ್ಸಾರ್ ಸುಮಾರು 23.5ಕ್ಕೆ 15.6. ಇದರಾಗ 300 ಎಂಎಂ ಲೆನ್ಸ್ ಹಾಕಿದ್ರ 450 ಇದ್ದಂಗ ಕಾಣ್ತದ. ಲೆನ್ಸ್ ಏನೂ ಉದ್ದ ಆಗಂಗಿಲ್ಲ, ಸುತ್ತಲಿನ ಬದು ಬಿಟ್ಟು ನಡುವಿನ ಹೊಲ ಅಷ್ಟ ಕೊಡ್ತದ.

“ಹಂಗಾದ್ರ ಫುಲ್ ಫ್ರೇಮಿನ್ಯಾಗ ತಗದು ಆಮೇಲೆ ಕತ್ತರಿಸಿದ್ರಾತು” ಅಂತಾನ ಅಳಿಯ. ಲೆಕ್ಕ ಹಾಕ್ರಿ. 24 ಮೆಗಾಪಿಕ್ಸೆಲ್ಲಿನ ಫುಲ್ ಫ್ರೇಮ್ ಫೋಟೋವನ್ನ ಅಷ್ಟ ಕತ್ತರಿಸಿದ್ರ ಉಳಿಯೋದು ಹತ್ತೂವರಿ. 2016ರಾಗ ಬಂದ ನಿಕಾನ್ ಡಿ500 ಕ್ರಾಪ್ ಕ್ಯಾಮೆರಾ, ಅದರಾಗ ಸುಮಾರು 21 ಪೂರ್ತಿ ಸಿಗ್ತಾವು. 45 ಮೆಗಾಪಿಕ್ಸೆಲ್ಲಿನ ಡಿ850 ತೊಗೊಂಡ್ರ ಕತ್ತರಿಸಿದ ಮ್ಯಾಲೂ 19 ಉಳೀತಾವು ಖರೆ, ಆದ್ರ ಅದರ ರೊಕ್ಕ ಎಷ್ಟು ಹೆಚ್ಚು ನೋಡ್ರಿ.

ಈಗ ನಮ್ಮ ಊರಿನ ವಿಷಯಕ್ಕ ಬರ್ತೀನಿ. ಹುಬ್ಬಳ್ಳಿ-ಧಾರವಾಡ ಇರೋದು ಬಯಲುಸೀಮೆ ಮತ್ತ ಮಲೆನಾಡಿನ ನಡುವ. ನಮಗ ಎರಡೂ ಸಿಗ್ತಾವು. ಅದಕ್ಕ ಉತ್ತರಾನೂ ಎರಡು.

ಪೂರ್ವಕ್ಕ ಹೊಂಟ್ರ ಶಿರಹಟ್ಟಿ ತಾಲೂಕಿನ ಮಾಗಡಿ ಕೆರಿ. 2024ರಾಗ ರಾಮ್ಸಾರ್ ಪಟ್ಟಿಗೆ ಸೇರಿತು. ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಚಳಿಗಾಲಕ್ಕ ಅಲ್ಲಿಗೆ ಬರ್ತಾವು. ದಕ್ಷಿಣಕ್ಕ ಹೊಂಟ್ರ ರಾಣೆಬೆನ್ನೂರಿನ ಅಭಯಾರಣ್ಯ, 1974ರಿಂದ ಚಿಗರಿಗೆ ಮೀಸಲು. ಎರಡೂ ಕಡೆ ಬಿಸಿಲಿಗೆ ಬರ ಇಲ್ಲ, ಆದ್ರ ಪ್ರಾಣಿ ದೂರ. ನಮ್ಮ ಚಿಗರಿ ಬಸ್ ಸ್ಟಾಪಿನ್ಯಾಗ ನಿಂತಂಗ ಖರೆ ಚಿಗರಿ ನಿಲ್ಲಂಗಿಲ್ಲ. ಇಲ್ಲಿ ಕ್ರಾಪ್ ಸೆನ್ಸಾರೇ ಸರಿ.

ನಾನು ಕಲಿತದ್ದು ತಪ್ಪು ಮಾಡಿ. ಒಮ್ಮೆ ಗೆಳೆಯನ ಫುಲ್ ಫ್ರೇಮ್, 300ರ ಲೆನ್ಸ್ ಇಸಕೊಂಡು ಮಾಗಡಿಗೆ ಹೋಗಿದ್ದೆ. ಹಕ್ಕಿ ಸಣ್ಣದು ಕಾಣ್ತು. ಇನ್ನೂ ಹತ್ತು ಹೆಜ್ಜಿ, ಇನ್ನೂ ಹತ್ತು ಹೆಜ್ಜಿ ಅಂತ ಮುಂದ ಹೋದೆ. ಇಡೀ ಹಿಂಡು ಎದ್ದು ಹಾರಿ ಹೋತು. ಏರಿ ಮ್ಯಾಲೆ ಕೂತಿದ್ದ ಮುದುಕಪ್ಪ “ರಾತ್ರಿಯೆಲ್ಲ ಹೊಲದಾಗ ಮೇದು ದಣಿವಾರಿಸಿಕೊಳ್ಳಾಕತ್ತಿದ್ವು, ಎಬ್ಬಿಸಿಬಿಟ್ಟೆಲ್ಲೋ” ಅಂದ. ಇವತ್ತಿಗೂ ಆ ಮಾತು ನೆನಪಾದ್ರ ನಾಚಿಕಿ ಬರ್ತದ. ದೂರ ನಿಂತು ತಗಿಯಾಕ ಬರೋದೇ ಹಕ್ಕಿಗೆ ನಾವು ಕೊಡೋ ಮರ್ಯಾದಿ.

ಪಶ್ಚಿಮಕ್ಕ ಹೊಂಟ್ರ ಮಾತು ಬ್ಯಾರೆ. ದಾಂಡೇಲಿ ಆಚೆ ಗಣೇಶಗುಡಿಯ ಓಲ್ಡ್ ಮ್ಯಾಗಝೀನ್ ಹೌಸಿನ್ಯಾಗ ಹಕ್ಕಿ ನೀರು ಕುಡಿಯಾಕ, ಮೀಯಾಕ ನಿಮ್ಮ ಮುಂದನ ಬರ್ತಾವು. ಆದ್ರ ಗಿಡದ ನೆರಳು, ಬೆಳಕಿಲ್ಲ. ಫುಲ್ ಫ್ರೇಮಿನ ಮೈ ಕ್ರಾಪಿನ ಎರಡು ಪಟ್ಟಿಗಿಂತ ದೊಡ್ಡದು, ಒಂದು ಸ್ಟಾಪಿಗಿಂತ ತುಸು ಹೆಚ್ಚಿನ ಲಾಭ. ಅಲ್ಲಿ ಕ್ರಾಪ್ ಫೋಟೋ ರವೆ ಚೆಲ್ಲಿದಂಗ ಕಾಣ್ತದ, ಫುಲ್ ಫ್ರೇಮಿಂದು ಸ್ವಚ್ಛ ಬರ್ತದ. ಆದ್ರ ಒಂದು ನೆನಪಿಡ್ರಿ: ಹಕ್ಕಿ ಚೌಕಟ್ಟು ತುಂಬಿದ್ರ ಮಾತ್ರ ಆ ಲಾಭ. ಕತ್ತರಿಸಿದ್ರಿ ಅಂದ್ರ ಬೆಳಕಿನ ಲಾಭಾನೂ ಕತ್ತರಿಸಿ ಒಗದಂಗ.

ದೂರ ಮತ್ತ ಬಿಸಿಲು ಇದ್ರ ಕ್ರಾಪ್. ಹತ್ರ ಮತ್ತ ಕತ್ತಲಿ ಇದ್ರ ಫುಲ್ ಫ್ರೇಮ್. ವರ್ಷಕ್ಕ ಇಪ್ಪತ್ತು ಸಲ ಕೆರಿಗೆ ಹೋಗಿ ಒಂದು ಸಲ ದಾಂಡೇಲಿಗೆ ಹೋಗೋ ನಮ್ಮಂಥವರು ಆ ಒಂದು ಸಲಕ್ಕ ಸಾಲ ಮಾಡಬಾರದು. ರೊಕ್ಕ ಇದ್ರ ಲೆನ್ಸಿಗೆ ಹಾಕ್ರಿ. ಬಾಡಿ ಹಳೇದಾಗ್ತದ, ಒಳ್ಳೆ ಲೆನ್ಸ್ ಎರಡು ಮೂರು ಬಾಡಿ ದಾಟಿ ಬರ್ತದ. ನನ್ನ ಹತ್ರ ಇರೋದು ಸೆಕೆಂಡ್ ಹ್ಯಾಂಡ್ ಡಿ500, 200-500ರ ಲೆನ್ಸ್.

ಇನ್ನ ಬೆಳೆ ಸಾಲದ ಮಾತು. ಅದು ಬೀಜ ಗೊಬ್ಬರದ ರೊಕ್ಕ. ಮಳಿ ಕೈಕೊಟ್ರ ಕ್ಯಾಮೆರಾ ಮಾರಿ ಸಾಲ ಕಟ್ಟೋದು ಅರ್ಧ ರೇಟಿಗೆ.

ಅಳಿಯ ಮಾರಿ ಸಣ್ಣದು ಮಾಡಿಕೊಂಡು ಕೂತ. ಬರೋ ಚಳಿಗಾಲ ಪೂರ್ತಿ ನನ್ನ ಕ್ಯಾಮೆರಾ ನೀ ಇಟ್ಕೋ ಅಂದೀನಿ. ಮಾಗಡಿಗೆ ಹೋಗು, ಏರಿ ಬಿಟ್ಟು ಇಳಿಬ್ಯಾಡ ಅಂತನೂ ಹೇಳೀನಿ. ಅದಾದ ಮ್ಯಾಲೂ ಫುಲ್ ಫ್ರೇಮ್ ಬೇಕು ಅನಿಸಿದ್ರ ಕಡ್ಲಿ ರೊಕ್ಕ ಎಲ್ಲೂ ಓಡಿ ಹೋಗಂಗಿಲ್ಲ.