ಅವ್ವನ ಫೋನಿಗೆ ಡೇಟಾ ಯಾಕ್ರೀ?

ಹೋದ ತಿಂಗಳು ಒಂದು ಭಾನುವಾರ ಕೊಟ್ಟೂರಿಗೆ ಫೋನ್ ಹಚ್ಚಿದೆ. ಈ ನಂಬರಿಗೆ ಒಳಬರುವ ಕರೆಯ ಸೌಲಭ್ಯ ಇಲ್ಲ ಅಂತ ಒಂದು ಹೆಣ್ಣುದನಿ ಉಲಿಯಿತು. ಎರಡು ಸಲ, ಮೂರು ಸಲ.. ಅದೇ. ಎದೆ ಧಸಕ್ ಅಂತು. ಪಕ್ಕದ ಮನೆಯವರಿಗೆ ಮಾಡಿದರೆ ಅವ್ವ ಕಟ್ಟೆ ಮೇಲೆ ಆರಾಮಾಗಿ ಶೇಂಗಾ ಸುಲೀತಾ ಕೂತಿದ್ದಾಳೆ! "ಎಂಟು ದಿನಾತು, ಯಾರೂ ಫೋನೇ ಮಾಡವಲ್ರು. ಎಲ್ಲರೂ ಮರೆತ್ರಿ ಅಂದ್ಕೊಂಡಿದ್ದೆ" ಅಂದಳು.

ರೀಚಾರ್ಜ್ ಮುಗಿದಿತ್ತು, ಅಷ್ಟೇ. ಮರೆತವನು ನಾನೇ. ಆದರೆ ಆ ಪ್ಯಾಕಿನಲ್ಲಿ ಇದ್ದದ್ದೇನು ಗೊತ್ತಾ? ದಿನಕ್ಕೆ ಒಂದೂವರೆ ಜಿಬಿ. ಸ್ಮಾರ್ಟ್‌ಫೋನ್ ಕೊಡಿಸಿದ್ದು ನಾನು, ಅವಳು ಬಳಸೋದು ಹಸಿರು ಗುಂಡಿ, ಕೆಂಪು ಗುಂಡಿ ಎರಡೇ. ತಿಂಗಳ ಪ್ಯಾಕ್ ಅಂತಾರೆ, ಕೊಡೋದು 28 ದಿನ. ವರ್ಷಕ್ಕೆ 13 ತಿಂಗಳು ಮಾರಾಯ್ರೆ!

ಟ್ರಾಯ್ 2024ರ ಡಿಸೆಂಬರಿನಲ್ಲಿ, ಬರೀ ಮಾತು ಮತ್ತು ಎಸ್ಸೆಮ್ಮೆಸ್ಸಿನ ಪ್ಯಾಕನ್ನೂ ಕೊಡಲೇಬೇಕು ಅಂತ ನಿಯಮ ಮಾಡಿತು. ನಾನು ಖುಷಿಪಟ್ಟಿದ್ದೇ ಬಂತು. 2025ರ ಜನವರಿಯಲ್ಲಿ ಏರ್‌ಟೆಲ್ ತಂದ 84 ದಿನದ ಪ್ಯಾಕಿಗೆ 499 ರೂ. ಅದಕ್ಕೆ ಮೊದಲು 6 ಜಿಬಿ ಸೇರಿಯೇ 509 ಇತ್ತು. ಆರು ಜಿಬಿಯ ಬೆಲೆ ಹತ್ತೇ ರೂಪಾಯಿ! ಗಲಾಟೆಯಾದ ಮೇಲೆ 469ಕ್ಕೆ ಇಳಿಸಿದರು. ಜಿಯೋ 458 ಇಟ್ಟು 448ಕ್ಕೆ ಬಂತು.

ನನಗೆ, ನಿಮಗೆ ಅದು ಒಂದು ಪಿಜ್ಜಾ ದುಡ್ಡು. ಆದರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯವರಿಗೆ ಗುಳೆ ಅಂದರೇನು ಅಂತ ಬಿಡಿಸಿ ಹೇಳಬೇಕಿಲ್ಲ. ಮಳೆ ಕೈಕೊಟ್ಟರೆ ಗಂಡಹೆಂಡತಿ ಮಲೆನಾಡಿನ ಕಾಫಿ ತೋಟಕ್ಕೋ ಬೆಂಗಳೂರಿನ ಕಟ್ಟಡದ ಕೆಲಸಕ್ಕೋ ಹೊರಡ್ತಾರೆ. ಊರಲ್ಲಿ ಉಳಿಯೋದು ಮುದುಕರು, ಮಕ್ಕಳು, ಒಂದು ಫೋನು. ದಿನಗೂಲಿಯವರು 448 ರೂಪಾಯಿ ಒಮ್ಮೆಲೇ ಎಲ್ಲಿಂದ ತರಬೇಕು? ಶಾಂಪೂನೇ ಒಂದು ರೂಪಾಯಿ ಚೀಟಿಯಲ್ಲಿ ಸಿಗುತ್ತೆ. ಮಾತು ಮಾತ್ರ ಸಗಟು ವ್ಯಾಪಾರ.

ಕಂಪನಿಗಳ ಕಡೆಯ ಲೆಕ್ಕವೂ ಇದೆ, ಹೇಳಿಬಿಡ್ತೀನಿ. ಮೊದಲು ಬೇರೆ ಕಂಪನಿಯಿಂದ ಕರೆ ಬಂದರೆ ನಿಮಿಷಕ್ಕೆ 6 ಪೈಸೆ ಸಿಗ್ತಿತ್ತು. 2021ರ ಜನವರಿಯಿಂದ ಅದು ಸೊನ್ನೆ. ಹಾಗಾಗಿ ಬರೀ ಕರೆ ಸ್ವೀಕರಿಸೋ ಅವ್ವನಂಥ ಗಿರಾಕಿಯಿಂದ ಅವರಿಗೆ ಕವಡೆಯೂ ಹುಟ್ಟಲ್ಲ. ಸರಿ, ಅದಕ್ಕೊಂದು ಬೆಲೆ ಇಡಿ. ವರ್ಷಕ್ಕೆ ಇಷ್ಟು ಅಂತ ತಗೊಂಡು ಒಳಬರುವ ಕರೆ, ಬ್ಯಾಂಕಿನ ಓಟಿಪಿ ನಿಲ್ಲದಂತೆ ನೋಡ್ಕೊಳ್ಳಿ. ಟ್ರಾಯ್ 365 ದಿನದವರೆಗೆ ಅವಕಾಶ ಕೊಟ್ಟಿದೆಯಲ್ಲ. ನಾನಂತೂ ಈ ಕ್ಷಣ ಕಟ್ತೀನಿ.

ಫೋನ್ ತಯಾರಿಸೋರ ಮೇಲೆ ನನ್ನ ಸಿಟ್ಟು ಒಂದೇ: ಎಫ್ಎಂ. ಎಷ್ಟೋ ಫೋನುಗಳ ಚಿಪ್ಪಿನಲ್ಲೇ ರೇಡಿಯೋ ಇರುತ್ತೆ, ಬಳಸೋಕೆ ಬಿಡಲ್ಲ. ಎಫ್ಎಂ ಮುಚ್ಚಬೇಡಿ ಅಂತ 2023ರಲ್ಲಿ ಕೇಂದ್ರ ಸರ್ಕಾರವೇ ಸಲಹೆ ಕೊಟ್ಟಿತ್ತು. ಆಂಟೆನಾ ಆಗ್ತಿದ್ದ ಇಯರ್‌ಫೋನಿನ ತೂತನ್ನೂ ಹಲವು ಮಾಡೆಲ್‌ಗಳಲ್ಲಿ ಮುಚ್ಚಿಬಿಟ್ಟರು. ಅವ್ವನಿಗೆ ಬೇಕಿದ್ದದ್ದು ಹೊಸಪೇಟೆ ಆಕಾಶವಾಣಿ, 100.5. ಡೇಟಾ ಹಾಕಿ ಆ್ಯಪಿನಲ್ಲಿ ಕೇಳು ಅಂದೆ. ನನ್ನ ಮುಖ ನೋಡಿದಳು.

ಈಗ ಅಟ್ಟದ ಮೇಲಿದ್ದ ಹಳೇ ರೇಡಿಯೋ ಇಳಿಸಿ ಎರಡು ಸೆಲ್ ಹಾಕಿಸಿಕೊಂಡಿದ್ದಾಳೆ. ನಾನು 28 ದಿನಕ್ಕೊಮ್ಮೆ ಅಲಾರಾಂ ಇಟ್ಕೊಂಡಿದ್ದೀನಿ.