ಭೇರ್ಯದ ಚಳಿಗೆ ಡೀಸೆಲ್ ಹೆಪ್ಪುಗಟ್ಟುತ್ತದೆಯೇ? ಟ್ಯಾಂಕಿಗೆ ಸೀಮೆಎಣ್ಣೆ ಸುರಿಯುವ ಮುನ್ನ ಓದಿ

ಡಿಸೆಂಬರ್ ಬಂತೆಂದರೆ ವಾಟ್ಸಾಪ್ ಗುಂಪುಗಳಲ್ಲಿ ಒಂದು ಬಗೆಯ ಸಂದೇಶ ಓಡಾಡಲು ಶುರುವಾಗುತ್ತದೆ. ಚಳಿಗೆ ಡೀಸೆಲ್ ಹೆಪ್ಪುಗಟ್ಟುತ್ತದೆ, ಎಂಜಿನ್ ಹಾಳಾಗುತ್ತದೆ, ಟ್ಯಾಂಕಿಗೆ ಒಂದಿಷ್ಟು ಸೀಮೆಎಣ್ಣೆ ಬೆರೆಸಿ, ಎಲ್ಲ ರೈತರಿಗೂ ಡ್ರೈವರ್‌ಗಳಿಗೂ ತಲುಪಿಸಿ ಎನ್ನುವ ಧಾಟಿ. ಜೊತೆಗೊಂದು ಚಿತ್ರ: ಬಾಟಲಿಯಲ್ಲಿ ತುಪ್ಪದಂತೆ ಗಟ್ಟಿಯಾಗಿ ನಿಂತ ಡೀಸೆಲ್.

ಭೇರ್ಯ, ಸಾಲಿಗ್ರಾಮ, ಕೆ.ಆರ್.ನಗರದ ಕಡೆ ಇಂಥ ಸಂದೇಶಕ್ಕೆ ಸುಲಭವಾಗಿ ಕಿವಿ ಸಿಗುತ್ತದೆ. ಭತ್ತದ ಕೊಯ್ಲು, ಒಕ್ಕಣೆ, ಸಾಗಾಟ ಎಲ್ಲವೂ ಚುಮುಚುಮು ಚಳಿಯ ದಿನಗಳಲ್ಲೇ ಬರುತ್ತವೆ. ಬೆಳಿಗ್ಗೆ ಆರಕ್ಕೆ ಟ್ರ್ಯಾಕ್ಟರ್ ಸ್ಟಾರ್ಟ್ ಆಗದಿದ್ದರೆ ಆಳುಗಳು ಕೈಕಟ್ಟಿ ನಿಲ್ಲುತ್ತಾರೆ, ಬಾಡಿಗೆ ಯಂತ್ರ ಪಕ್ಕದ ಊರಿಗೆ ಹೊರಟುಬಿಡುತ್ತದೆ. ಆ ಗಳಿಗೆಯಲ್ಲಿ ಫೋನಿನಲ್ಲಿ ಕಂಡ ಉಪಾಯವನ್ನು ಮಾಡಿ ನೋಡೋಣ ಅನ್ನಿಸುವುದು ಸಹಜ. ಹಾಗಾಗಿ ನೇರವಾಗಿ ಹೇಳಿಬಿಡುತ್ತೇವೆ. ಡೀಸೆಲ್ ಹೆಪ್ಪುಗಟ್ಟುವುದು ನಿಜ. ಆದರೆ ಬಂಕಿನಲ್ಲಿ ಕೊಂಡ ಸರಿಯಾದ ಡೀಸೆಲ್ ನಮ್ಮ ಮೈಸೂರು ಜಿಲ್ಲೆಯ ಚಳಿಗೆ ಹೆಪ್ಪುಗಟ್ಟುವುದಿಲ್ಲ. ಸಂದೇಶದಲ್ಲಿರುವ ಔಷಧಿಯೇ ಎಂಜಿನ್ನಿಗೆ ಹೆಚ್ಚು ಅಪಾಯಕಾರಿ.

ಕೊಬ್ಬರಿ ಎಣ್ಣೆ ಮತ್ತು ಡೀಸೆಲ್

ಚಳಿಗಾಲದಲ್ಲಿ ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆಯ ಬಾಟಲಿಯನ್ನು ಬಿಸಿಲಿಗೆ ಇಡದ ಮನೆ ನಮ್ಮ ಕಡೆ ಇಲ್ಲ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಟ್ಟಿಯಾಗತೊಡಗುತ್ತದೆ. ಅದನ್ನು ಕಂಡವರಿಗೆ ಡೀಸೆಲ್ಲೂ ಹೀಗೇ ಆಗಬಹುದೆಂದು ತೋರಿದರೆ ತಪ್ಪೇನಿಲ್ಲ. ನಡೆಯುವ ಕ್ರಿಯೆ ಬಹುಪಾಲು ಒಂದೇ ಬಗೆಯದು, ಆದರೆ ನಡೆಯುವ ಉಷ್ಣಾಂಶ ಬೇರೆ.

ಡೀಸೆಲ್ ಒಂದೇ ಪದಾರ್ಥವಲ್ಲ, ನೂರಾರು ಹೈಡ್ರೋಕಾರ್ಬನ್‌ಗಳ ಮಿಶ್ರಣ. ಅದರಲ್ಲಿ ಒಂದು ಪಾಲು ಮೇಣ, ಅಂದರೆ ಮೇಣದಬತ್ತಿಯಲ್ಲಿರುವ ಪ್ಯಾರಾಫಿನ್ನಿನ ಬಳಗದ್ದೇ. ಈ ಮೇಣ ಕಲ್ಮಶವಲ್ಲ. ಡೀಸೆಲ್ ಚೆನ್ನಾಗಿ ಹತ್ತಿಕೊಳ್ಳುವುದು ಇಂಥ ನೇರ ಸರಪಳಿಯ ಅಣುಗಳಿಂದಲೇ. ಡೀಸೆಲ್‌ನ ಗುಣ ಅಳೆಯುವ 'ಸೀಟೇನ್ ಸಂಖ್ಯೆ'ಗೆ ಹೆಸರು ಕೊಟ್ಟ ಸೀಟೇನ್ ಎಂಬ ಪದಾರ್ಥವನ್ನು ಬೇರ್ಪಡಿಸಿ ಇಟ್ಟರೆ ಅದು 18 ಡಿಗ್ರಿಯಲ್ಲೇ ಗಟ್ಟಿಯಾಗುತ್ತದೆ! ಉಳಿದ ದ್ರವಗಳ ಜೊತೆ ಕರಗಿ ಬೆರೆತಿರುವುದರಿಂದ ಟ್ಯಾಂಕಿನಲ್ಲಿ ಹಾಗಾಗುವುದಿಲ್ಲ, ಅಷ್ಟೇ. ಚೆನ್ನಾಗಿ ಉರಿಯುವ ಡೀಸೆಲ್ ಬೇಕು, ಚಳಿಗೆ ಗಟ್ಟಿಯಾಗಲೂ ಬಾರದು ಎಂದರೆ ರಿಫೈನರಿಯವರು ಎರಡನ್ನೂ ತೂಗಿಸಿಕೊಂಡು ಹೋಗಬೇಕು.

ನೀರಿಗೆ ಸೊನ್ನೆ ಡಿಗ್ರಿ ಇರುವಂತೆ ಡೀಸೆಲ್‌ಗೆ ಹೆಪ್ಪುಗಟ್ಟುವ ಒಂದೇ ಗೆರೆ ಇಲ್ಲ. ತಣ್ಣಗಾಗುತ್ತ ಹೋದಂತೆ ಮೊದಲು ಮೇಣದ ಸಣ್ಣ ಹರಳುಗಳು ಮೂಡಿ ಡೀಸೆಲ್ ಮಂಜಾಗುತ್ತದೆ. ಇನ್ನೂ ತಣ್ಣಗಾದರೆ ಹರಳುಗಳು ಬೆಳೆದು ಫಿಲ್ಟರಿನ ರಂಧ್ರಗಳನ್ನು ಮುಚ್ಚುತ್ತವೆ. ಕೊನೆಗೆ ಇಡೀ ಡೀಸೆಲ್ ಹರಿಯದಂತೆ ನಿಂತುಬಿಡುತ್ತದೆ. ಚಿತ್ರದಲ್ಲಿ ಕಾಣುವುದು ಈ ಕೊನೆಯ ಸ್ಥಿತಿ. ಎಂಜಿನ್ ಮಾತ್ರ ಎರಡನೆಯ ಸ್ಥಿತಿಯಲ್ಲೇ ನಿಂತಿರುತ್ತದೆ. ಹಾಗಾಗಿ ಪ್ರಯೋಗಾಲಯದಲ್ಲಿ ಮುಖ್ಯವಾಗಿ ನೋಡುವುದು 'ಫಿಲ್ಟರ್ ಕಟ್ಟಿಕೊಳ್ಳುವ ಉಷ್ಣಾಂಶ'ವನ್ನು. ಡೀಸೆಲ್ಲನ್ನು ತಣ್ಣಗೆ ಮಾಡುತ್ತ 45 ಮೈಕ್ರಾನ್ ಜಾಲರಿಯ ಮೂಲಕ ಎಳೆಯುತ್ತಾರೆ. 20 ಮಿಲಿಲೀಟರ್ ಡೀಸೆಲ್ ಒಂದು ನಿಮಿಷದೊಳಗೆ ದಾಟದ ಉಷ್ಣಾಂಶ ಯಾವುದೋ ಅದೇ ಲೆಕ್ಕ.

ಭಾರತೀಯ ಮಾನಕ ಬ್ಯೂರೋದ ಐಎಸ್ 1460 ಎಂಬ ನಿಯಮ ಡೀಸೆಲ್‌ಗೆ ಈ ಮಿತಿಯನ್ನು ಹಾಕಿದೆ. ಚಳಿಗಾಲದ ಡೀಸೆಲ್ ಫಿಲ್ಟರ್ ಕಟ್ಟಿಕೊಳ್ಳುವ ಉಷ್ಣಾಂಶ ಹೆಚ್ಚೆಂದರೆ 6 ಡಿಗ್ರಿ, ಬೇಸಿಗೆಯದಕ್ಕೆ ಹೆಚ್ಚೆಂದರೆ 18 ಡಿಗ್ರಿ. ಅಂದರೆ ಚಳಿ ತಿಂಗಳುಗಳಲ್ಲಿ ಮಾರುವ ಡೀಸೆಲ್ 6 ಡಿಗ್ರಿಗಿಂತ ಮೇಲೆ ಫಿಲ್ಟರ್ ಕಟ್ಟಬಾರದು.

ಈಗ ನಮ್ಮ ಚಳಿಯ ಲೆಕ್ಕ ನೋಡೋಣ. ಜನವರಿಯಲ್ಲಿ ಮೈಸೂರಿನ ರಾತ್ರಿ ಸಾಮಾನ್ಯವಾಗಿ 15-16 ಡಿಗ್ರಿ ಆಸುಪಾಸು ಇರುತ್ತದೆ. ದಾಖಲೆಯ ಚಳಿ ಎಂದರೆ 2012ರ ಜನವರಿ 16ರಂದು, 7.7 ಡಿಗ್ರಿ. ಬೆಂಗಳೂರಿನ ದಾಖಲೆ ಇನ್ನೂ ಹಳೆಯದು, 1884ರ ಜನವರಿಯ 7.8 ಡಿಗ್ರಿ. ಮೈ ನಡುಗಿಸಿದ ಆ ಎರಡು ದಿನಗಳೂ 6ರ ಗೆರೆ ಮುಟ್ಟಲಿಲ್ಲ. ಕಂಬಳಿ ಹೊದ್ದು ಕೂತ ನಮಗೆ ಅದು ವಿಪರೀತ ಚಳಿ, ಡೀಸೆಲ್‌ಗೆ ಅಲ್ಲ.

ಹಾಗಾದರೆ ಆ ಚಿತ್ರ ಎಲ್ಲಿಯದು?

ಹೆಪ್ಪುಗಟ್ಟಿದ ಡೀಸೆಲ್ ನೋಡಲು ಲಡಾಖ್‌ಗೆ ಹೋಗಬೇಕು. ಲೇಹ್, ಕಾರ್ಗಿಲ್, ದ್ರಾಸ್ ಕಡೆ ಚಳಿಗಾಲದ ರಾತ್ರಿ ಸೊನ್ನೆಗಿಂತ 15-20 ಡಿಗ್ರಿ ಕೆಳಗಿಳಿಯುವುದು ಮಾಮೂಲು. ಅಲ್ಲಿನ ಜನ, ಲಾರಿಗಳು, ಸೇನೆಯ ವಾಹನಗಳು ವರ್ಷಗಟ್ಟಲೆ ಈ ಕಷ್ಟ ಉಂಡಿವೆ. 2019ರ ನವೆಂಬರ್‌ನಲ್ಲಿ ಇಂಡಿಯನ್ ಆಯಿಲ್ ಅಲ್ಲಿಗೆಂದೇ ಪಾಣಿಪತ್ ರಿಫೈನರಿಯಲ್ಲಿ ತಯಾರಿಸಿದ 'ವಿಂಟರ್ ಗ್ರೇಡ್' ಡೀಸೆಲ್ ಬಿಡುಗಡೆ ಮಾಡಿತು. ಅದು ಸೊನ್ನೆಗಿಂತ 33 ಡಿಗ್ರಿ ಕೆಳಗಿನವರೆಗೂ ಹರಿಯುತ್ತದೆ.

ಕೆನಡಾ, ಅಮೆರಿಕದ ಉತ್ತರ ರಾಜ್ಯಗಳಲ್ಲಿ ಇದು ಪ್ರತಿ ಚಳಿಗಾಲದ ಮಾತು. ಅಲ್ಲಿ ಮೇಣ ಕಡಿಮೆ ಇರುವ, ಸೀಮೆಎಣ್ಣೆಗೆ ಹತ್ತಿರದ 'ನಂಬರ್ 1' ಡೀಸೆಲ್ಲನ್ನು ಮಾಮೂಲಿ ಡೀಸೆಲ್‌ಗೆ ಬೆರೆಸಿ ಮಾರುತ್ತಾರೆ. ನಮ್ಮ ಫಾರ್ವರ್ಡ್‌ನ ಸೀಮೆಎಣ್ಣೆ ಉಪಾಯದ ಮೂಲ ಇಲ್ಲೇ ಇರಬೇಕೆಂದು ನಮ್ಮ ಅನಿಸಿಕೆ. ಅಲ್ಲಿ ಅರ್ಥವಿರುವ ಮಾತು, ಆದರೆ ಊರು ದಾಟಿ ಭೇರ್ಯಕ್ಕೆ ಬರುವಷ್ಟರಲ್ಲಿ ಚಳಿಯ ಪ್ರಮಾಣವೂ ಬದಲಾಯಿತು, ಬೆರೆಸುವ ಎಣ್ಣೆಯೂ ಬದಲಾಯಿತು.

ಸೀಮೆಎಣ್ಣೆ ಬೆರೆಸಿದರೆ ಏನಾಗುತ್ತದೆ?

ಡೀಸೆಲ್ ಬರೀ ಉರಿಯುವ ವಸ್ತುವಲ್ಲ. ಎಂಜಿನ್ನಿಗೆ ಇಂಧನ ತಳ್ಳುವ ಪಂಪು, ನಾಜಲ್‌ಗಳೊಳಗಿನ ನುಣುಪಾದ ಭಾಗಗಳಿಗೆ ಗ್ರೀಸಿನ ಕೆಲಸವನ್ನೂ ಅದೇ ಮಾಡುತ್ತದೆ. ಸೀಮೆಎಣ್ಣೆಗೆ ಆ ಜಿಡ್ಡು ಕಡಿಮೆ. ಈಗಿನ ಕಾಮನ್ ರೈಲ್ ಎಂಜಿನ್‌ಗಳಲ್ಲಿ ಡೀಸೆಲ್ ಮೇಲಿನ ಒತ್ತಡ ಸಾವಿರ ಬಾರ್ ದಾಟುತ್ತದೆ. ಟ್ರ್ಯಾಕ್ಟರಿನ ಹಿಂದಿನ ಟೈರಿನ ಗಾಳಿ ಒಂದೆರಡು ಬಾರ್ ಇರುತ್ತದೆ, ಹೋಲಿಸಿ ನೋಡಿ. ಅಷ್ಟು ಒತ್ತಡದಲ್ಲಿ ಜಿಡ್ಡಿಲ್ಲದ ಎಣ್ಣೆ ಓಡಿದರೆ ಪಂಪು ಸವೆಯುತ್ತದೆ, ಸವೆದ ಲೋಹದ ಪುಡಿ ನಾಜಲ್‌ಗೆ ಹೋಗುತ್ತದೆ. ಆಮೇಲಿನ ರಿಪೇರಿ ಖರ್ಚು ಒಂದು ಫಸಲಿನ ಲಾಭ ತಿನ್ನುವಂಥದ್ದು.

"ನಮ್ಮಪ್ಪನ ಕಾಲದಲ್ಲಿ ಹಾಕುತ್ತಿದ್ದರು, ಏನೂ ಆಗಲಿಲ್ಲ" ಎನ್ನುವವರಿದ್ದಾರೆ. ಹಳೆಯ ಎಂಜಿನ್‌ಗಳು ನಿಜಕ್ಕೂ ಹೆಚ್ಚು ತಡೆದುಕೊಳ್ಳುತ್ತಿದ್ದವು. ಈಗ ಕಾಲ ಬೇರೆ. 2020ರ ಏಪ್ರಿಲ್‌ನಿಂದ ದೇಶದ ಡೀಸೆಲ್ ಬಿಎಸ್-6 ದರ್ಜೆಯದು, ಗಂಧಕ ಹತ್ತು ಲಕ್ಷದಲ್ಲಿ 10 ಪಾಲಿಗಿಂತ ಹೆಚ್ಚಿರಬಾರದು. 50 ಎಚ್‌ಪಿ ಮೀರಿದ ಟ್ರ್ಯಾಕ್ಟರ್‌ಗಳಿಗೂ 2023ರ ಜನವರಿಯಿಂದ ಹೊಸ ಹೊಗೆ ನಿಯಮ ಬಂದಿದೆ. ಸೀಮೆಎಣ್ಣೆಯಲ್ಲಿ ಇದಕ್ಕಿಂತ ಬಹಳ ಹೆಚ್ಚು ಗಂಧಕ ಇರಬಹುದು. ಹೊಗೆ ಶುದ್ಧಮಾಡುವ ಭಾಗಗಳಿಗೆ ಅದು ವಿಷ.

ಕಾನೂನಿನ ಮಾತೂ ಇದೆ. ಪಡಿತರ ಸೀಮೆಎಣ್ಣೆಗೆ ನೀಲಿ ಬಣ್ಣ ಹಾಕುವುದೇ ಕಲಬೆರಕೆ ಪತ್ತೆಯಾಗಲಿ ಎಂದು. ಅಡುಗೆಗೆ, ದೀಪಕ್ಕೆ ಬಿಟ್ಟು ಬೇರೆಯದಕ್ಕೆ ಅದನ್ನು ಬಳಸುವಂತಿಲ್ಲ. ಇಂಧನ ಕಲಬೆರಕೆ ಎಷ್ಟು ದೊಡ್ಡ ದಂಧೆ ಎಂಬುದಕ್ಕೆ ಮೈಸೂರಿನವರಿಗೆ ಒಂದು ಹೆಸರು ನೆನಪಿರಬೇಕು. ಕೆಜಿಎಫ್‌ನ ಎಸ್. ಮಂಜುನಾಥ್ ಮೈಸೂರಿನ ಎಸ್‌ಜೆಸಿಇಯಲ್ಲಿ ಎಂಜಿನಿಯರಿಂಗ್ ಓದಿ, ಲಖನೌ ಐಐಎಂ ಮುಗಿಸಿ ಇಂಡಿಯನ್ ಆಯಿಲ್ ಅಧಿಕಾರಿಯಾದವರು. ಉತ್ತರ ಪ್ರದೇಶದ ಲಖೀಂಪುರ ಖೇರಿ ಜಿಲ್ಲೆಯಲ್ಲಿ ಕಲಬೆರಕೆ ಇಂಧನ ಮಾರುತ್ತಿದ್ದ ಬಂಕಿನ ವಿರುದ್ಧ ಕ್ರಮ ಕೈಗೊಂಡದ್ದಕ್ಕೆ 2005ರ ನವೆಂಬರ್ 19ರಂದು ಅವರನ್ನು ಗುಂಡಿಕ್ಕಿ ಕೊಂದರು. ಆಗ ಅವರಿಗೆ 27 ವರ್ಷ. ಅಪರಾಧಿಗಳ ಜೀವಾವಧಿ ಶಿಕ್ಷೆಯನ್ನು ಸುಪ್ರೀಂ ಕೋರ್ಟ್ 2015ರಲ್ಲಿ ಎತ್ತಿಹಿಡಿಯಿತು. ಬೇರೆಯವರು ಬೆರೆಸಿದರೆ ಮೋಸ ಎನ್ನುವ ಕೆಲಸವನ್ನು ನಾವೇ ನಮ್ಮ ಟ್ಯಾಂಕಿಗೆ ಮಾಡಿಕೊಳ್ಳುವುದು ವಿಚಿತ್ರ.

ಕೆಲವು ಸಂದೇಶಗಳಲ್ಲಿ ಪೆಟ್ರೋಲ್ ಬೆರೆಸಿ ಎಂದಿರುತ್ತದೆ. ಅದು ಇನ್ನೂ ಅಪಾಯ. ಸ್ವಲ್ಪ ಪೆಟ್ರೋಲ್ ಸೇರಿದರೂ ಟ್ಯಾಂಕಿನ ಆವಿ ಕಿಡಿ ತಗುಲಿದರೆ ಹೊತ್ತಿಕೊಳ್ಳಬಲ್ಲದು. ಆನ್‌ಲೈನ್‌ನಲ್ಲಿ ಮಾರುವ 'ಆಂಟಿ ಜೆಲ್' ಬಾಟಲಿಗಳು ಚಳಿ ದೇಶದಲ್ಲಿ ಕೆಲಸಕ್ಕೆ ಬರುತ್ತವೆ, ಕೆ.ಆರ್.ನಗರದಲ್ಲಿ ಅದಕ್ಕೆ ಕೊಟ್ಟ ದುಡ್ಡು ಕಾವೇರಿಗೆ ಹಾಕಿದಂತೆ.

ಮತ್ತೆ ಬೆಳಿಗ್ಗೆ ಗಾಡಿ ಯಾಕೆ ಸ್ಟಾರ್ಟ್ ಆಗುವುದಿಲ್ಲ?

ಚಳಿ ಕಾರಣವೇ, ಆದರೆ ಡೀಸೆಲ್ ಮೂಲಕವಲ್ಲ. ಹಳೆಯ ಬ್ಯಾಟರಿಯ ಬಲ ತಣ್ಣಗಿದ್ದಾಗ ಇನ್ನೂ ತಗ್ಗುತ್ತದೆ, ಅದೇ ಹೊತ್ತಿಗೆ ಎಂಜಿನ್ ಆಯಿಲ್ ಮಂದವಾಗಿ ತಿರುಗಿಸಲು ಹೆಚ್ಚು ಬಲ ಬೇಕಾಗುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಇಲ್ಲ, ಒತ್ತಿದ ಗಾಳಿಯ ಬಿಸಿಯಿಂದಲೇ ಇಂಧನ ಹೊತ್ತಬೇಕು. ಸೆಲ್ಫ್ ನಿಧಾನವಾಗಿ ತಿರುಗಿದರೆ ಆ ಬಿಸಿ ಹುಟ್ಟುವುದಿಲ್ಲ. ಗ್ಲೋ ಪ್ಲಗ್ ಅಥವಾ ಹೀಟರ್ ಇರುವ ಗಾಡಿಯಲ್ಲಿ ಅದು ಕೆಟ್ಟಿದ್ದರೂ ಬೇಸಿಗೆಯಲ್ಲಿ ಗೊತ್ತಾಗುವುದಿಲ್ಲ, ಚಳಿಯಲ್ಲಿ ಬಯಲಾಗುತ್ತದೆ. ಇನ್ನೊಂದು, ಬಿರುಕುಬಿಟ್ಟ ರಬ್ಬರ್ ಪೈಪಿನಿಂದ ರಾತ್ರಿಯಿಡೀ ಗಾಳಿ ಸೇರಿಕೊಳ್ಳುವುದು. ಕೈಪಂಪು ಒತ್ತಿ ಗಾಳಿ ತೆಗೆದ ಕೂಡಲೇ ಸ್ಟಾರ್ಟ್ ಆದರೆ ತೊಂದರೆ ಅಲ್ಲೇ ಇದೆ.

ಹೆಚ್ಚು ದಾರಿ ತಪ್ಪಿಸುವುದು ನೀರು. ಅರ್ಧ ಖಾಲಿ ಟ್ಯಾಂಕಿನೊಳಗಿನ ಗಾಳಿಯ ತೇವ ರಾತ್ರಿ ತಣ್ಣಗಾಗಿ ಹನಿಗಟ್ಟುತ್ತದೆ, ಕೊಟ್ಟಿಗೆಯಲ್ಲಿಟ್ಟ ಡ್ರಮ್ಮಿನಲ್ಲೂ ಅಷ್ಟೇ. ನೀರು ಡೀಸೆಲ್‌ಗಿಂತ ಭಾರ, ತಳದಲ್ಲಿ ಕೂರುತ್ತದೆ. ನೀರು ಮತ್ತು ಡೀಸೆಲ್ ಸೇರುವ ಅಂಚಿನಲ್ಲಿ ಬೂಷ್ಟು, ಬ್ಯಾಕ್ಟೀರಿಯಾ ಬೆಳೆದು ಲೋಳೆಯಾಗುತ್ತದೆ. ಫಿಲ್ಟರ್ ಬಿಚ್ಚಿದಾಗ ಆ ಲೋಳೆ ಕಂಡವರು "ನೋಡಿ, ಡೀಸೆಲ್ ಹೆಪ್ಪುಗಟ್ಟಿದೆ" ಎಂದು ಫೋಟೋ ತೆಗೆಯುತ್ತಾರೆ. ಪರೀಕ್ಷೆ ಸುಲಭ. ಅದನ್ನು ಸ್ವಲ್ಪ ತಟ್ಟೆಗೆ ಹಾಕಿ ಬಿಸಿಲಿಗಿಡಿ. ಮೇಣವಾದರೆ ಕರಗಿ ಡೀಸೆಲ್‌ನಲ್ಲಿ ಬೆರೆಯುತ್ತದೆ, ಲೋಳೆ ಹಾಗೇ ಉಳಿಯುತ್ತದೆ. ಟ್ಯಾಂಕಿನ ತಳದಿಂದ ಒಂದು ಗಾಜಿನ ಬಾಟಲಿಗೆ ಡೀಸೆಲ್ ಹಿಡಿದು, ಬೆಂಕಿ ಮತ್ತು ಮಕ್ಕಳ ಕೈಗೆ ದೂರವಾಗಿ ಒಂದು ರಾತ್ರಿ ಹೊರಗಿಟ್ಟು ನೋಡಿದರೂ ಸಾಕು, ನೀರಿದ್ದರೆ ಕೆಳಗೆ ಬೇರೆ ಪದರವಾಗಿ ನಿಂತಿರುತ್ತದೆ.

ಪರಿಹಾರವೂ ಸಾದಾ. ಫಿಲ್ಟರಿನ ಕೆಳಗಿನ ಡ್ರೈನ್ ಸ್ಕ್ರೂ ಸಡಿಲಿಸಿ ನೀರು ಬಿಡುವುದು, ಸಂಜೆ ಕೆಲಸ ಮುಗಿದ ಮೇಲೆ ಟ್ಯಾಂಕ್ ತುಂಬಿಸಿಡುವುದು, ಹೇಳಿದ ಗಂಟೆಗೆ ಫಿಲ್ಟರ್ ಬದಲಿಸುವುದು. ಬ್ಯಾಟರಿ ಟರ್ಮಿನಲ್‌ನ ಬಿಳಿ ಪುಡಿ ಉಜ್ಜಿ ತೆಗೆಯುವುದು.

ಒಂದು ವಿನಾಯಿತಿ ಮಾತ್ರ ಹೇಳಲೇಬೇಕು. ಬಂಕಿನ ಬದಲು ಡ್ರಮ್ಮಿನಲ್ಲಿ ಅಗ್ಗಕ್ಕೆ ಸಿಗುವ 'ಬಯೋಡೀಸೆಲ್' ಕೊಂಡವರ ಲೆಕ್ಕ ಬೇರೆ. ನಮ್ಮ ಪಕ್ಕದ ಹಾಸನದ ಮಡೆನೂರಿನ ಜೈವಿಕ ಇಂಧನ ಉದ್ಯಾನದಲ್ಲಿ ಹೊಂಗೆಯಂಥ ಬೀಜಗಳಿಂದ ಬಯೋಡೀಸೆಲ್ ತೆಗೆಯುವ ಕೆಲಸ ನಡೆದಿದೆ, ಆ ವಿದ್ಯೆಯ ಬಗ್ಗೆ ನಮಗೆ ತಕರಾರಿಲ್ಲ. ಆದರೆ ಯಾವ ಎಣ್ಣೆಯಿಂದ ಮಾಡಿದ್ದೆಂಬುದರ ಮೇಲೆ ಅದರ ಚಳಿ ತಡೆಯುವ ಗುಣ ನಿಂತಿದೆ. ತಾಳೆ ಎಣ್ಣೆಯಿಂದ ಮಾಡಿದ ಶುದ್ಧ ಬಯೋಡೀಸೆಲ್ ಸುಮಾರು 13ರಿಂದ 16 ಡಿಗ್ರಿಯಲ್ಲೇ ಮಂಜಾಗುತ್ತದೆ. ಭೇರ್ಯದ ಜನವರಿ ಬೆಳಗಿಗೆ ಅದು ಹತ್ತಿರದ ಸಂಖ್ಯೆ. ಹೋಟೆಲುಗಳ ಕರಿದ ಎಣ್ಣೆಯಲ್ಲೂ ತಾಳೆ ಎಣ್ಣೆಯೇ ಬಹಳ. ಹೇಳಹೆಸರಿಲ್ಲದ ಡ್ರಮ್ಮಿನದ್ದಾದರೆ, ನಮ್ಮ ಊರಿನಲ್ಲೂ ಫಿಲ್ಟರ್ ಕಟ್ಟಬಹುದು.

ಉತ್ತರಕ್ಕೆ ಹೊರಟವರಿಗೆ

ತಿಪಟೂರಿನ ಕೊಬ್ಬರಿ, ಮಲೆನಾಡಿನ ಅಡಿಕೆ ಹೊತ್ತ ಲಾರಿಗಳು ಉತ್ತರ ಭಾರತಕ್ಕೆ ಹೋಗುತ್ತಲೇ ಇರುತ್ತವೆ. ಕಾರು ಮಾಡಿಕೊಂಡು ಕಾಶ್ಮೀರ, ಲಡಾಖ್ ನೋಡಲು ಹೋಗುವವರೂ ಹೆಚ್ಚಿದ್ದಾರೆ. ಇವರು ಮಾತ್ರ ಈ ವಿಷಯ ತಲೆಗೆ ಹಾಕಿಕೊಳ್ಳಬೇಕು. ಬಯಲುಸೀಮೆಯ ಡೀಸೆಲ್ ತುಂಬಿದ ಟ್ಯಾಂಕಿನೊಂದಿಗೆ ಘಟ್ಟ ಹತ್ತಬೇಡಿ. ಟ್ಯಾಂಕ್ ತಗ್ಗಿಸಿಕೊಂಡು ಹೋಗಿ ಅಲ್ಲಿನ ಬಂಕಿನಲ್ಲಿ ತುಂಬಿಸಿ, ಲಡಾಖ್‌ನಲ್ಲಿ ವಿಂಟರ್ ಗ್ರೇಡ್ ಎಂದು ಕೇಳಿ ಹಾಕಿಸಿ. ಆಂಟಿ ಜೆಲ್ ಹಾಕುವುದಿದ್ದರೆ ಚಳಿಗೆ ಮುಂಚೆಯೇ ಹಾಕಬೇಕು. ಅದು ಮೇಣದ ಹರಳುಗಳು ದೊಡ್ಡದಾಗದಂತೆ ತಡೆಯುತ್ತದೆಯೇ ಹೊರತು ಈಗಾಗಲೇ ಗಟ್ಟಿಯಾದದ್ದನ್ನು ಕರಗಿಸುವುದಿಲ್ಲ.

ಅಲ್ಲಿ ಡೀಸೆಲ್ ಗಟ್ಟಿಯಾಗಿ ಗಾಡಿ ನಿಂತರೆ ಸೆಲ್ಫ್ ಹೊಡೆಯುತ್ತಲೇ ಇರಬೇಡಿ, ಬ್ಯಾಟರಿಯೂ ಹೋಗುತ್ತದೆ. ಟ್ಯಾಂಕಿನ ಕೆಳಗೆ ಬೆಂಕಿ ಹಾಕುವ ವಿಡಿಯೋಗಳನ್ನು ನಂಬಬೇಡಿ. ಕಿಡಿ ತಗುಲಿದರೆ ಹತ್ತಬಲ್ಲ ಆವಿ ಡೀಸೆಲ್‌ನಿಂದ 35 ಡಿಗ್ರಿಯ ಮೇಲೆ ಏಳಬಹುದು ಎಂಬುದು ನಮ್ಮ ಮಾನಕದ ಲೆಕ್ಕ, ಬೆಂಕಿಯ ಮೇಲಿಟ್ಟ ಟ್ಯಾಂಕ್ ಅದನ್ನು ಬೇಗ ದಾಟುತ್ತದೆ. ಗಾಡಿಯನ್ನು ಬೆಚ್ಚಗಿನ ಶೆಡ್ಡಿಗೆ ತಳ್ಳಿಸಿ, ಕಟ್ಟಿಕೊಂಡ ಫಿಲ್ಟರ್ ಬದಲಿಸಿ, ಡೀಸೆಲ್ ಪೂರ್ತಿ ತಿಳಿಯಾಗುವವರೆಗೆ ಕಾಯಬೇಕು. ಹೊರಡುವಾಗ ಒಂದು ಹೆಚ್ಚುವರಿ ಫಿಲ್ಟರ್ ಡಿಕ್ಕಿಯಲ್ಲಿಟ್ಟುಕೊಂಡಿದ್ದರೆ ಈ ಕೆಲಸ ಅರ್ಧ ದಿನದಲ್ಲಿ ಮುಗಿಯುತ್ತದೆ.